ಹಳಿಯ ತುಂಡು

ಒಂಬತ್ತು ದಿನ, ಆರು ಶಾಲೆ.
ಎಸ್ಟೋನಿಯಾ ಎಂದರೆ ಅವ್ವ ಕೇಳಿದಳು,
"ಅದ್ಯಾವ ಕಡೆ, ಮಳವಳ್ಳಿ ಆಚೆಗಾ?"
ಹೂಂ ಕಣವ್ವ, ಮಳವಳ್ಳಿ ಆಚೆಗೇ.

ಚೀಲದಲ್ಲಿ ಎರಡು ಕೆಜಿ ಅಚ್ಚುಬೆಲ್ಲ,
ಸುತ್ತಿದ ಹಾಳೆಗೆ ಇನ್ನೂ ಆಲೆಮನೆಯ ಹೊಗೆ.
ವಿಮಾನ ನಿಲ್ದಾಣದವನು ಒಂದನ್ನು ಮೂಸಿ,
ಇನ್ನೊಂದನ್ನು ತಿರುಗಿಸಿ, ನಕ್ಕು ಬಿಟ್ಟ.
ಅಲ್ಲಿ ಮೂರನೇ ತರಗತಿಯಲ್ಲಿ ಹಂಚಿದೆವು.
ಒಬ್ಬಳು ಉಗುಳಿದಳು. ಒಬ್ಬ ಮತ್ತೊಂದು ಚೂರಿಗೆ ಕೈಯೊಡ್ಡಿದ.
ಮಿಕ್ಕವರು ಅಂಗೈಗೆ ಅಂಟುವುದನ್ನೇ ನೋಡುತ್ತ ಕೂತರು.

ಎಲ್ಲದರ ಫೋಟೊ ತೆಗೆದೆ:
ಮಕ್ಕಳ ಸೊಂಟದೆತ್ತರಕ್ಕೆ ಇಳಿದ ನಲ್ಲಿ,
ಕಂಬಳಿ ಮೂಲೆಯಲ್ಲಿ ಬೋರಲಾಗಿ ಮಲಗಿ
ಓದುತ್ತಿದ್ದ ಹುಡುಗಿಯ ಅಂಗಾಲು,
ಬಾಗಿಲಾಚೆ ಸಾಲಾಗಿ ಬಿಟ್ಟ ಬೂಟು.
"ಇದು ನಮ್ದೇ ಕಣೇ" ಎಂದಳು ನಫೀಸಾ,
"ಚಪ್ಪಲಿ ಬಿಡೋದು ಇವ್ರು ನಮ್ಮಿಂದ ಕಲ್ತ್ರಾ?"
ನಗು ಜೋರಾಯಿತು. ಇಡೀ ಕಾರಿಡಾರು ತಿರುಗಿ ನೋಡಿತು.

ಅಲ್ಲಿ ಗಂಟೆ ಇಲ್ಲ.
ಮಕ್ಕಳು ಏಳುತ್ತಾರೆ, ಕುರ್ಚಿ ಒಳಗೆ ತಳ್ಳುತ್ತಾರೆ,
ಹಿಮಕ್ಕೆ ಹೋಗುತ್ತಾರೆ.
ರಾಸ್ಮುಸ್, ಮುಂದಿನ ಎರಡು ಹಲ್ಲು ಬಿದ್ದವನು, ಕೇಳಿದ:
ನಿಮ್ಮ ಶಾಲೆ ಗಂಟೆಯ ಸದ್ದು ಹೇಗಿರುತ್ತೆ?
ಇಪ್ಪತ್ತಮೂರು ವರ್ಷದಲ್ಲಿ ಹದಿನೇಳು ಶಾಲೆಯಲ್ಲೇ ಕಳೆದವಳು
ಬಾಯಿ ತೆರೆದೆ.
ಢಣ್ ಅಂದೆ. ಅಲ್ಲ. ಠಣ್. ಅದೂ ಅಲ್ಲ.
ಬೋರ್ಡಿನ ಮೇಲೆ ಚಿತ್ರ ಬರೆದೆ:
ಹೊಂಗೆ ಮರ, ತಂತಿ, ರೈಲು ಹಳಿಯ ಒಂದು ತುಂಡು.
ಹಾಗಾದರೆ ರೈಲು ಈಗ ಹೇಗೆ ಹೋಗುತ್ತೆ? ಎಂದ.
ಅನುವಾದಿಸುತ್ತ ಮಾರಿಕಾ ಟೀಚರು ತಾವೇ ನಕ್ಕರು.

ಒಂದು ಫೋಟೊ ಮಾತ್ರ ತೆಗೆಯಲಿಲ್ಲ.
ಕೊನೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ
ಒಬ್ಬ ಹುಡುಗ ಅಳುತ್ತಿದ್ದ. ಸದ್ದಿಲ್ಲ.
ಹೆಗಲು ಅಷ್ಟೇ.
ಮಾರಿಕಾ ಟೀಚರು ಬಾಗಿಲು ಎಳೆದುಕೊಂಡರು,
ಚಿಲಕಕ್ಕೂ ಕೇಳಿಸದಷ್ಟು ಮೆಲ್ಲಗೆ.
ಗ್ರಂಥಾಲಯ ಈ ಕಡೆ ಎಂದರು.
ನಾವು ಆ ಕಡೆ ಹೋದೆವು.

ಶಿವನಂಜಪ್ಪ ಸರ್ ಮೂರು ಪುಟ ವರದಿ ಕೇಳಿದ್ದಾರೆ:
"ಅಲ್ಲಿ ಕಂಡದ್ದು, ಇಲ್ಲಿ ಅಳವಡಿಸಬಹುದಾದದ್ದು."
ನಲ್ಲಿ ಬರೆದೆ. ಕಂಬಳಿ ಬರೆದೆ.
ಗೋಡೆಗೆ ತಿರುಗಿದವನನ್ನು ಯಾವ ಕಾಲಮ್ಮಿಗೆ ಹಾಕಲಿ?

ಸೋಮವಾರ, ಬಸರಾಳಿನಾಚೆಯ ಶಾಲೆ.
ಅಭ್ಯಾಸ ಪಾಠ, ಐದನೇ ತರಗತಿ, ಭಿನ್ನರಾಶಿ.
ಅಡುಗೆಯ ಕೆಂಪಾಜಮ್ಮ ಒಗ್ಗರಣೆ ಹಾಕಿದ್ದೇ
ತರಗತಿಗೆ ತರಗತಿಯೇ ಸೀನಿತು.
ಯಶಿಕಾ ಸೀನಲಿಲ್ಲ. ಕಿಟಕಿ ಕಡೆ ತಿರುಗಿದ್ದಳು.
ಹೆಗಲು ಅಷ್ಟೇ.
ಎಳೆದುಕೊಳ್ಳೋಣವೆಂದರೆ ನಮ್ಮಲ್ಲಿ ಬಾಗಿಲಿಲ್ಲ,
ಇದ್ದದ್ದು ಹೋದ ವರ್ಷದ ಗಾಳಿಗೆ ಕಿತ್ತು ಬಂದು
ಈಗ ಸಿಂಟೆಕ್ಸಿನ ಮುಚ್ಚಳ.
ಮೂವತ್ತೆಂಟು ಮಕ್ಕಳ ಎದುರೇ ಪಕ್ಕದಲ್ಲಿ ಕೂತೆ.
ಬೆಂಚು ಕಿರ್ ಅಂತು. ಏನಾಯ್ತು ಎಂದೆ. ಹೇಳಲಿಲ್ಲ.
ಹಿಂದಿನಿಂದ ಒಬ್ಬ,
"ಅವಳ ಕುರಿಮರಿ ಮಾರ್ಬುಟ್ರು ಮಿಸ್."
ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಊಟದ ಗಂಟೆ ನೀನೇ ಹೊಡಿ ಎಂದೆ.
ಬೋಲ್ಟು ಎರಡೂ ಕೈಯಲ್ಲಿ ಹಿಡಿದು, ತುಟಿ ಕಚ್ಚಿ,
ಎಷ್ಟು ಸಲ ಹೊಡೆದಳೋ ನಾನು ಎಣಿಸಲಿಲ್ಲ,
ಮೊಬೈಲು ಎತ್ತಿ ಹಿಡಿದು ನಿಂತಿದ್ದೆ.
ಆಮೇಲೆ ಕೇಳಿದರೆ ಗಂಟೆ ಒಂದೆರಡು ಕ್ಷಣ,
ಮಿಕ್ಕದ್ದೆಲ್ಲ ಓಡುವ ಕಾಲು, ತಟ್ಟೆ,
"ನೂಕ್ಬೇಡ್ರೋ" ಎಂಬ ಕೆಂಪಾಜಮ್ಮ.

ಹಾಗೆಯೇ ಕಳಿಸಿದೆ.
ರೈಲಿನ ಪ್ರಶ್ನೆಗೆ ಇನ್ನೂ ಉತ್ತರ ಬರೆದಿಲ್ಲ.