ಬಿಡು

ಅಶೋಕನಗರದ ಮೈದಾನಕ್ಕೆ ಇಪ್ಪತ್ತಾರು ವರ್ಷ
ಸುಣ್ಣದ ಗೆರೆ ಎಳೆದವನು ನಾನು.
ಆಟದ ಬಗ್ಗೆ ನನ್ನನ್ನು ಯಾರೂ ಕೇಳಿದ್ದಿಲ್ಲ.
ಗೆರೆ ಸೊಟ್ಟಗಿದ್ದರೆ ಕೇಳುತ್ತಿದ್ದರು, ಅಷ್ಟೆ.

ಅವನು ಬಂದ ಮೊದಲ ದಿನವೇ, ಬೆಳಗಿನ ಆರಕ್ಕೆ,
ಗೋಲಿನಿಂದ ಪೆನಾಲ್ಟಿ ಚುಕ್ಕೆಗೆ ಹೆಜ್ಜೆ ಎಣಿಸಿ
ಬೂಟಿನ ತುದಿಯಿಂದ ಚುಕ್ಕೆ ಒರೆಸಿ
ಒಂದು ಗೇಣು ಹಿಂದೆ ಅಂತ ಕೈಯಲ್ಲೇ ತೋರಿಸಿದ.
ಸಿಟ್ಟು ಬಂತು. ದಾರ ಹಿಡಿದು ಅಳೆದೆ.
ಒಂದು ಗೇಣು. ಸರಿಯಾಗಿ ಒಂದು ಗೇಣು.
ಎಷ್ಟು ವರ್ಷದಿಂದ ತಪ್ಪಿತ್ತೋ,
ಎಷ್ಟು ಗೋಲು ಅಗ್ಗಕ್ಕೆ ಹೋಗಿದ್ದವೋ.

ರೊಮೇನಿಯಾದವನು. ಒವಿಡಿಯು ಗ್ರೋಜಾ.
ಗೌತಮಪುರದ ಹುಡುಗರ ಬಾಯಲ್ಲಿ ವಾರದೊಳಗೆ
ಗೋಜಲು ಸಾರ್.

ಮಾತೆಲ್ಲ ಅರುಳ್‌ದಾಸನ ಮೂಲಕ:
ಅರ್ಧ ಇಂಗ್ಲಿಷಿನಿಂದ ಅರ್ಧ ತಮಿಳಿಗೆ, ಅಲ್ಲಿಂದ ನನಗೆ.
ಊರು ಗಣಿಯ ಊರಂತೆ.
ನಮ್ಮಲ್ಲೂ ಇತ್ತು, ಕೆಜಿಎಫ್, ಚಿನ್ನ, ಅಂದೆ.
ನಮ್ಮದು ಬರೀ ಮಸಿ ಅಂತ ಅಂಗೈ ಬಿಚ್ಚಿದ.
ಅಪ್ಪ ಪಾಳಿ ಮುಗಿಸಿ ದೀಪದ ಟೋಪಿಯಲ್ಲೇ
ಪಂದ್ಯಕ್ಕೆ ಬರುತ್ತಿದ್ದನಂತೆ;
ಮಗ ಗೋಲು ಹೊಡೆದರೆ ಹಾಡುಹಗಲಲ್ಲಿ
ಹಣೆಯ ದೀಪ ಹಚ್ಚಿ, ಆರಿಸಿ, ಹಚ್ಚಿ.

ನೂರಾ ಹದಿಮೂರು ಗೋಲು, ಅವನ ಲೆಕ್ಕ.
ಪತ್ರಿಕೆಯವರದು ನೂರಾ ಒಂಬತ್ತು.
ನಡುವಿನ ನಾಲ್ಕು
ದಿವಾಳಿಯಾದ ಒಂದು ಕ್ಲಬ್ಬಿನ ರಿಜಿಸ್ಟರಿನಲ್ಲಿ
ನೆನೆದು ಮುದ್ದೆಯಾದವಂತೆ.
ದೇಶದ ಅಂಗಿ ಒಂದೇ ಸಲ, ಹದಿನೇಳು ನಿಮಿಷ,
ಚೆಂಡು ಸಿಕ್ಕಿದ್ದು ಮೂರು ಬಾರಿ.
ಆಮೇಲೆ ಮಂಡಿ. ಆಮೇಲೆ ಕೊರಳಿಗೆ ಸೀಟಿ.
ಸೈಪ್ರಸ್, ಒಮಾನ್,
ಸಂಬಳವೇ ಬರದ ಎಂಟು ತಿಂಗಳು ಇನ್ನೆಲ್ಲೋ,
ಆಮೇಲೆ ನಮ್ಮ ಬೆಂಗಳೂರು.

ಸೆಂಟರ್ ಫಾರ್ವರ್ಡ್ ಅಂದರೆ ಹೊಡೆಯುವವನು
ಅಂದುಕೊಂಡಿದ್ದೆವು.
ಅವನು ತಿಂಗಳಿಡೀ ಅರುಳ್‌ದಾಸನಿಗೆ ಚೆಂಡೇ ಕೊಡಲಿಲ್ಲ.
ಓಡು. ನಿಲ್ಲು. ವಾಪಸು ಬಾ. ಇನ್ನೊಬ್ಬನಿಗೆ ಜಾಗ ಮಾಡು.
ಬೇಲಿಯಾಚೆ ಕಬಾಬು ಸುಡುವವನೂ ನಕ್ಕ:
ಏನ್ ಸಾರ್, ಚೆಂಡಿಗೆ ಕಾಸಿಲ್ವಾ?

ಎರಡು ಸೀಸನ್ನಿಗೆ ಅವನು ಕಲಿತ ಕನ್ನಡ ಒಂದೇ ಪದ.
ಊಟ ಅಲ್ಲ, ನಮಸ್ಕಾರ ಅಲ್ಲ.
ಬಿಡು.
ಕ್ರಾಸಿಗೆ ಯಾರಾದರೂ ಆಸೆಬುರುಕ ಕಾಲು ಚಾಚಿದರೆ
ಇಡೀ ಮೈದಾನ ಅದುರುವ ಹಾಗೆ, ಬಿಡೂ!
ಹಿಂದಿರುವವನಿಗೆ ಬಿಡು.
ಯಾರು ಕಲಿಸಿದರೋ. ಬಹುಶಃ ನಾನೇ.
ನನ್ನ ಬೀಡಿಗೆ ಅವನು ತಕರಾರು ತೆಗೆದ ದಿನ
ಬಿಡು ಸಾಮಿ, ಅಂದಿದ್ದೆ.

ಒಂದು ಸಂಜೆ ಸುಣ್ಣದ ಮೂಟೆಯ ಮೇಲೆ ಕೂತು ಹೇಳಿದ,
ತನ್ನ ಒಳ್ಳೆಯ ಗೋಲು ಯಾವ ಲೆಕ್ಕದಲ್ಲೂ ಇಲ್ಲ.
ಹಿಮ. ಬಲಗಡೆಯಿಂದ ಚೆಂಡು.
ಹೊಡೆಯುವ ಹಾಗೆ ಕಾಲೆತ್ತಿ
ಎರಡು ಕಾಲಿನ ನಡುವೆ ಹೋಗಲು ಬಿಟ್ಟನಂತೆ.
ಹಿಂದೆ ಬಂದವನು ಹೊಡೆದ. ಹೆಸರೂ ಅವನದೇ.
ಅವತ್ತು ನಿಮ್ಮಪ್ಪ ದೀಪ ಹಚ್ಚಿದನಾ, ಕೇಳಿದೆ.
ಅರುಳ್‌ದಾಸ ಎರಡು ಸಲ ತರ್ಜುಮೆ ಮಾಡಿದ.
ಅವನು ಬೂಟಿನ ಲೇಸು ಬಿಚ್ಚುತ್ತಲೇ ಕೂತ.

ಸಾಲಾಗಿ ಆರು ಪಂದ್ಯ ಸೋತ ಮೇಲೆ ಕಂಪನಿಯವರು
ಹಾರ ಹಾಕಿ, ಗಂಧದ ಆನೆ ಕೊಟ್ಟು, ಕಳಿಸಿದರು.
ಏಳನೆಯದಕ್ಕೆ ಟಿಕೆಟ್ ಕೊಂಡು ಬಂದ.
ಸಿಮೆಂಟಿನ ಮೆಟ್ಟಿಲು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ.

ಮುಗಿಯುತ್ತ ಬಂದಿತ್ತು. ಬಲಗಡೆಯಿಂದ ಚೆಂಡು.
ಅರುಳ್‌ದಾಸ ಕಾಲೆತ್ತಿದ.
ಹೊಡಿಯೋ, ಅಂದಿತು ಜನ. ಹೊಡಿಯೋ, ನಾನೂ ಅಂದೆ.
ಚೆಂಡು ಅವನ ಕಾಲ ಸಂದಿಯಲ್ಲಿ ಹಾದು
ಹಿಂದೆ ಸಲಾಮತ್,
ಬಲೆ.

ಮೆಟ್ಟಿಲ ಕಡೆ ತಿರುಗಿದೆ.
ಮಧ್ಯಾಹ್ನ ಮೂರರ ಬಿಸಿಲು.
ಗೋಜಲು ಸಾರ್ ಎದ್ದು ನಿಂತು
ಮೊಬೈಲನ್ನು ಹಣೆಗೆ ಒತ್ತಿಕೊಂಡು
ಟಾರ್ಚು ಹಚ್ಚುತ್ತಿದ್ದ, ಆರಿಸುತ್ತಿದ್ದ, ಹಚ್ಚುತ್ತಿದ್ದ.

ಪೇಪರಿನಲ್ಲಿ ಸಲಾಮತ್ ಹೆಸರು ಬಂತು,
ಅದರಲ್ಲೂ ಒಂದಕ್ಷರ ತಪ್ಪು.

ಈಗ ಅಲ್ಲಿ ಪ್ಲಾಸ್ಟಿಕ್ ಹುಲ್ಲು.
ಗೆರೆ ಕಾರ್ಖಾನೆಯಿಂದಲೇ ಬರುತ್ತದೆ, ಅಳಿಸುವುದಿಲ್ಲ.
ಶೆಡ್ಡಿನಲ್ಲಿ ಅರ್ಧ ಮೂಟೆ ಸುಣ್ಣ ಉಳಿದಿತ್ತು,
ಕಲ್ಲಾಗಿದೆ.
ಮೇಲೆ ಕೂತರೆ ಸ್ವಲ್ಪ ಒತ್ತುತ್ತದೆ.