ಎರಡು ರೆಜಿನ

ಸುಂಟಿಕೊಪ್ಪದ ಚರ್ಚ್ ಕಚೇರಿ.
ಕಪಾಟಿನ ಬೀಗಕ್ಕೆ ಎಣ್ಣೆ ಬಿಟ್ಟು
ಕಾಯುತ್ತಾರೆ ಇನ್ನಾಸಪ್ಪ.
"ಯಾವ ವರ್ಷದ್ದು?"
ಅವ್ವ ಹೇಳಿದ್ದು ಇಷ್ಟೇ:
ಕಾಫಿ ಎರಡು ಸಲ ಹೂ ಬಿಟ್ಟ ವರ್ಷ,
ಲೈನುಮನೆಗೆ ಹೆಂಚು ಬಂದ ವರ್ಷ.
ಹೆಂಚಿಗೆ ರಿಜಿಸ್ಟರಿಲ್ಲ ಇಲ್ಲಿ.

ಉಗುಳು ತಾಗಿದ ಬೆರಳು ಇಳಿಯುತ್ತದೆ
ಲತೀನಿನ ಕಾಗೆಕಾಲು ಗುಬ್ಬಿಕಾಲುಗಳ ಮೇಲೆ.
ಚೌರಪ್ಪ, ಅರುಳಮ್ಮ, ಮಗಳು ರೆಜಿನ.
ಸಿಕ್ಕಿತು ಅನ್ನುವಷ್ಟರಲ್ಲಿ, ಪುಟ ಮಗುಚಿದರೆ
ಮತ್ತೆ ಚೌರಪ್ಪ, ಅರುಳಮ್ಮ,
ಮಗಳು ರೆಜಿನ,
ಎರಡು ವರ್ಷ ಆಚೆ.
ಮೊದಲನೆಯವಳ ಅಂಚಿಗೆ
ಪೆನ್ಸಿಲಿನ ಸಣ್ಣ ಶಿಲುಬೆ. ಹನ್ನೊಂದನೇ ದಿನ.

"ಆಗೆಲ್ಲ ಹಾಗೇ.
ಹೋದ ಕೂಸಿನ ಹೆಸರು ಬಂದ ಕೂಸಿಗೆ."
ಅಕ್ಕನ ಲಂಗ ತಂಗಿಗೆ ಇಳಿದ ಹಾಗೆ,
ಉಡದೇ ಉಳಿದ ಲಂಗ.

ಕನ್ನಡಕ ಹಣೆಗೇರಿಸಿ, ದನಿ ತಗ್ಗಿಸಿ:
"ಯಾವ ರೆಜಿನ ಬೇಕು ನಿಮಗೆ?
ದೊಡ್ಡವಳಾದರೆ ಪಿಂಚಣಿ ಈ ತಿಂಗಳೇ."

ಹೊರಗೆ ಜಗಲಿಯಲ್ಲಿ ಅವ್ವ,
ಅರ್ಜಿಯ ಫೋಟೋಗೆಂದು ಎಣ್ಣೆ ಹಚ್ಚಿ ಬಾಚಿದ ತಲೆ,
ಮಡಿಲಲ್ಲಿ ಮಡಚಿದ ಕೊಡೆ.
ಕಿವಿ ಮಂದ, ಅದಕ್ಕೇ ಜೋರು ಗಂಟಲು:
"ನಾನು ಸಿಕ್ಕಿದ್ನಾ ಮಗಾ?"

ಎರಡೂ ಬರೆದುಕೊಡಿ ಅಂದೆ.
ಪ್ರತಿಗೆ ಐವತ್ತು ರೂಪಾಯಿ.
ಇನ್ನಾಸಪ್ಪ ರಸೀದಿ ಹರಿದದ್ದು ಒಂದಕ್ಕೆ.
ಶಾಯಿ ಒಣಗಲೆಂದು ಎರಡನ್ನೂ
ಕಿಟಕಿಯ ಬಿಸಿಲಿಗೆ
ಪಕ್ಕಪಕ್ಕ ಮಲಗಿಸಿದರು.