ಷರಾ

ಎರಡು ವರ್ಷವಾಯಿತು, ಹುಡುಕುವ ಕೆಲಸ ನಮ್ಮದಲ್ಲ.
ಹೊರಗುತ್ತಿಗೆ.
ಸಂಜೆ ನಾಲ್ಕಕ್ಕೆ ಅಕ್ಷರಗಳ ಕಡತ ಕಳಿಸಿ
ನಾನು ಕೋಟು ಹಾಕಿಕೊಳ್ಳುತ್ತೇನೆ.
ಎ ಟಿ ಜಿ ಜಿ ಸಿ ಎ, ಹೀಗೆ ಸಾವಿರದ ಇನ್ನೂರು,
ಉಸಿರೆಳೆಯಲು ಒಂದು ಚುಕ್ಕಿಯೂ ಇಲ್ಲದ ಸಾಲು.
ಬೆಳಿಗ್ಗೆ ಒಂಬತ್ತಕ್ಕೆ ವರದಿ ಬಂದಿರುತ್ತದೆ.
ಎಲ್ಲಿಂದ, ಕೇಳುವಂತಿಲ್ಲ.
ಹುಡುಕಿದವರ ಹೆಸರು ಇರಬೇಕಾದಲ್ಲಿ
ಒಂದು ಸಂಖ್ಯೆ: ಹದಿನೇಳು.

ಗ್ಲೆನಿಸ್ ಪ್ರಾಬರ್ಟ್ ಇದ್ದಾಗ ಹೀಗಿರಲಿಲ್ಲ.
ಮೂರನೇ ಮಹಡಿಯ ಮೂಲೆ, ಹೀಟರಿನ ಮೇಲೆ
ನ್ಯೂಪೋರ್ಟಿನ ಮಳೆಗೆ ನೆಂದ ಕೈಗವಸು.
ಪರದೆಗೆ ಮೂಗು ತಾಗುವಷ್ಟು ಬಾಗಿ
ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದಳು,
ಮೊರ ಅಂದರೇನೆಂದು ಗೊತ್ತಿಲ್ಲದ ಹೆಂಗಸು.
ಸಿಕ್ಕರೆ ಒಂದು ಕೂಗು: "ಹಳೇದು ಕಣೇ ಇದು,
ತೊಂಬತ್ತೆರಡರಲ್ಲೇ ಯಾರೋ ಬರೆದು ಬಿಸಾಕಿದ್ದಾರೆ!"
ಹೊಸತು ಅಂದವರ ಹೊಸತು ಅಲ್ಲಿಗೆ ಮುಗಿಯಿತು.
ಬೀಳ್ಕೊಡುಗೆಗೆ ನಾವು ಕೊಟ್ಟದ್ದು
ನಿಂಬೆ ಕೇಕು, ಒಂದು ಛತ್ರಿ.

ಹದಿನೇಳಕ್ಕೆ ಕೊಡುವುದು ಅಕ್ಷರ ಮಾತ್ರ.
ಯಾವ ಜೀವದ್ದು, ಯಾವ ರೋಗಕ್ಕೆ, ಯಾವ ಕಂಪನಿ,
ಹೇಳಕೂಡದು; ಗುಟ್ಟು ಒಡೆದರೆ ನನ್ನ ಕುರ್ಚಿ ಹೋಗುತ್ತದೆ.
ಕಾಗದದ ವಿಳಾಸ ಹರಿದು, ಒಕ್ಕಣೆ ಹರಿದು,
ಇಂಥ ಕೈಬರಹ ಲೋಕದಲ್ಲಿ ಎಲ್ಲಾದರೂ ಉಂಟೇ
ನೋಡಿ ಬಾ ಅಂದಂತೆ.

ಮೊದಮೊದಲು ವರದಿ ವರದಿಯಂತೇ ಇತ್ತು.
ಹೋಲಿಕೆ ಶೇಕಡಾ ಇಷ್ಟು, ಅಂತರ ಇಷ್ಟು.
ನವೆಂಬರಿನಲ್ಲೊಂದು ದಿನ, ಯಾರೂ ತುಂಬದ ಷರಾ ಕಾಲಮ್ಮಿನಲ್ಲಿ
"ಇದು ತಣ್ಣನೆ ನೀರಿನದು ಅನಿಸುತ್ತದೆ ನನಗೆ."

ಮಧ್ಯಾಹ್ನ ಬುತ್ತಿ ಹಿಡಿದು ಅಸ್ಕ್ ನದಿಯ ದಂಡೆಗೆ ಹೋದೆ.
ಇಳಿತದ ಹೊತ್ತು, ನೀರಿಗಿಂತ ಕೆಸರೇ ಹೆಚ್ಚು.
ಆಚೆ ದಡಕ್ಕೆ ಕಾರುಗಳನ್ನು ತೊಟ್ಟಿಲಲ್ಲಿ ತೂಗಿ ದಾಟಿಸುವ ಸೇತುವೆ
ರಿಪೇರಿಗೆಂದು ನಿಂತಿತ್ತು.
ಹೌದು. ಅದು ಉತ್ತರದ ಒಂದು ಚಪ್ಪಟೆ ಮೀನಿನದು,
ಹಿಮದಡಿ ರಕ್ತ ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನಿನದು.
ಹೌದು ಅಂತ ಬರೆಯಲು ನನ್ನ ಕಡೆ ಕಾಲಮ್ಮಿಲ್ಲ.

ಆಮೇಲೆ ಆಗಾಗ.
"ನಡುವಿನ ನಲವತ್ತು ಅಕ್ಷರ ಯಾರೋ ಕೈಯಾರೆ ಹೊಲಿದಂತಿದೆ."
"ಇದನ್ನು ಮೊದಲೂ ಕಳಿಸಿದ್ದಿರಿ, ಬೇರೆ ಅಂಗಿಯಲ್ಲಿ."
"ನೂರಾ ಹನ್ನೊಂದನೆಯದು ನೋಡಿ. ನಾನು ಎರಡು ಸಲ ನೋಡಿದೆ."
ನೋಡಿದೆ. ಜಿ ಇರುವಲ್ಲಿ ಎ.
ನನ್ನ ಭಾಷೆಯಲ್ಲಿ ಲ ಹೋಗಿ ಳ ಬಂದರೆ
ಹಾಲು ಹಾಳಾಗುತ್ತದಲ್ಲ, ಅಷ್ಟೇ.
ಅಷ್ಟಕ್ಕೇ ಒಂದು ಅರ್ಜಿ ಬದುಕಿಕೊಂಡಿತು.
ಸಹಿ ನನ್ನದು. ವಕೀಲರು ಧನ್ಯವಾದ ಬರೆದದ್ದು ನನಗೆ.

ಒಂದು ಸಲ, ಕಳಿಸುವ ಕಡತದ ಹೆಸರಿನ ಬಾಲಕ್ಕೆ
"ತಣ್ಣನೆ ನೀರು, ಸರಿ" ಅಂತ ಅಂಟಿಸಿದೆ.
ಕಿವಿಯವರೆಗೆ ಬೆವರು.
ಯಂತ್ರ ಹಿಂದಕ್ಕೆ ಎಸೆಯಿತು:
ಕಡತದ ಹೆಸರು ನಿಯಮಕ್ಕೆ ಅನುಗುಣವಾಗಿಲ್ಲ.

ಈ ಸೆಪ್ಟೆಂಬರಿನಲ್ಲಿ ಗುತ್ತಿಗೆ ನವೀಕರಣ.
ಈಗ ಸಂಖ್ಯೆ ಅರವತ್ತಮೂರು.
ವರದಿ ಎಂಟಕ್ಕೇ ಬರುತ್ತದೆ, ಶುದ್ಧ, ತಪ್ಪಿಲ್ಲ.
ಷರಾ: ಇಲ್ಲ.
ಷರಾ: ಇಲ್ಲ.
ಹದಿನೇಳು ಬೇರೆ ಕೆಲಸ ಹಿಡಿದಿರಬಹುದು,
ಹೆರಿಗೆಗೆ ಹೋಗಿರಬಹುದು, ಗಂಡಸೋ ಹೆಂಗಸೋ ಅದೂ ತಿಳಿಯದು,
ಅಥವಾ ಷರಾ ಬರೆದದ್ದಕ್ಕೇ.

ಇವತ್ತಿನದು ಎಂಟುನೂರ ಆರು ಅಕ್ಷರ.
ನಾಲ್ಕು ಹೊಡೆದು ಬಹಳ ಹೊತ್ತಾಯಿತು, ಕಳಿಸಿಲ್ಲ.
ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದೇನೆ,
ಒಂದನೇ ಇಯತ್ತೆಯ ಹುಡುಗಿಯ ಹಾಗೆ, ತುಟಿ ಅಲ್ಲಾಡಿಸುತ್ತ.
ಈ ಮಹಡಿಯಲ್ಲಿ ಯಾರೂ ಅಲುಗದಿದ್ದರೆ ದೀಪ ತಾನೇ ಆರುತ್ತದೆ.
ನೂರಾ ಹನ್ನೊಂದರ ಹತ್ತಿರ ಕತ್ತಲಾಯಿತು.
ಕೈ ಬೀಸಿದೆ,
ಆಚೆ ದಡದಲ್ಲಿ ಯಾರೋ ನಿಂತಿದ್ದಾರೆಂಬಂತೆ.